ಊರಿಗೆಲ್ಲ ಒಂದೇ ಡಬ್ಬ, ನಾನೊಬ್ಬ ಬದಲಾಯಿಸಬೇಕಾ?

ಹೊಸನಗರದ ಜಡಿಮಳೆ (ಪ್ರಶ್ನೆ ಕೇಳಿದವರು)
ನವೆಂಬರ್ 12, ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ಇದು ಅಡಿಕೆ ರೇಟಿನ ಪ್ರಶ್ನೆ ಅಲ್ಲ, ಕೂಲಿಗೆ ಸುಲಿದ ಅಡಿಕೆ ಅಳೆಯುವ ಡಬ್ಬದ ಪ್ರಶ್ನೆ. ಆದರೆ ಅಡಿಕೆಯಿಂದಲೇ ಶುರು ಮಾಡಬೇಕು, ಬೇರೆ ದಾರಿ ಇಲ್ಲ.

ನಾನು ಹೊಸನಗರ ತಾಲೂಕಿನವನು. ಎರಡು ಎಕರೆ ತೋಟ, ಒಂದಿಷ್ಟು ಗದ್ದೆ, ಮೂರು ದನ. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ, ಭಾನುವಾರ ಪೂಜೆ. ನಮ್ಮ ಊರಲ್ಲಿ ಕ್ರೈಸ್ತರ ಮನೆ ಮೂರೇ. ಅದರಲ್ಲಿ ಒಂದಕ್ಕೆ ಬೀಗ ಹಾಕಿದೆ, ಮಕ್ಕಳೆಲ್ಲ ಬೆಂಗಳೂರು.

ಕೊಯ್ಲು ಶುರುವಾಗಿ ಮೂರು ವಾರ ಆಯಿತು. ಪೇಟೆ ಹತ್ತಿರದ ಊರುಗಳಲ್ಲಿ ಸುಲಿಯುವ ಯಂತ್ರ ಬಂದಿದೆ, ಕೂಲಿಯೂ ಕೆಜಿ ಲೆಕ್ಕಕ್ಕೆ ಹೋಗಿದೆ. ನಮ್ಮಲ್ಲಿ ಇನ್ನೂ ಮೆಟ್ಟುಗತ್ತಿ, ಇನ್ನೂ ಡಬ್ಬ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸಂಜೆ ಹೆಂಗಸರು ಅಂಗಳಕ್ಕೆ ಬರುತ್ತಾರೆ. ಬಲ್ಬಿನ ಕೆಳಗೆ ಸಾಲಾಗಿ ಕೂತು, ಮೆಟ್ಟುಗತ್ತಿ ಕಾಲಲ್ಲಿ ಒತ್ತಿಕೊಂಡು ಹಸಿ ಅಡಿಕೆ ಸುಲಿಯುತ್ತಾರೆ. ರಾತ್ರಿ ಹತ್ತರ ಹೊತ್ತಿಗೆ ಅಳತೆ. ಸುಲಿದ ಅಡಿಕೆಯನ್ನು ಡಬ್ಬಕ್ಕೆ ತುಂಬುವುದು, ನಾನು ಪುಸ್ತಕದಲ್ಲಿ ಹೆಸರಿನ ಮುಂದೆ ಗೆರೆ ಹಾಕುವುದು. ಒಂದು ಡಬ್ಬಕ್ಕೆ ಒಂದು ಗೆರೆ. ಕೂಲಿ ಗೆರೆ ಲೆಕ್ಕದಲ್ಲಿ. ರೇಟು ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ಊರಿಂದ ಊರಿಗೆ ಬೇರೆ ಇರುತ್ತದೆ, ಚರ್ಚೆ ಅಲ್ಲಿಗೇ ಹೋಗಿಬಿಡುತ್ತದೆ.

ಹೋದ ವರ್ಷ ಕೊಯ್ಲಿಗೆ ಮುಂಚೆ ನಮ್ಮ ಕೇರಿಯ ಏಳು ಮನೆಗೂ ಹೊಸ ಡಬ್ಬ ಬಂತು. ಪಕ್ಕದ ಮನೆಯ ಅಣ್ಣ ಪೇಟೆಯಲ್ಲಿ ಒಟ್ಟಿಗೆ ಮಾಡಿಸಿ ತಂದರು. ಹಳೆಯವು ತುಕ್ಕು ಹಿಡಿದಿದ್ದವು. "ಹಳೆ ಅಳತೆಯದ್ದೇ" ಅಂದರು. ನಾನು ದುಡ್ಡು ಕೊಟ್ಟೆ, ತೆಗೆದುಕೊಂಡೆ, ಮರೆತೆ.

ಹೋದ ಶನಿವಾರ ನನ್ನ ಹೆಂಡತಿ ಹೊಸ ಡಬ್ಬ ತೊಳೆಯಲು ಹೊರಟಳು. ಅಡಿಕೆ ಕರೆ ಹಿಡಿದಿತ್ತು, ನೀರಲ್ಲಿ ನೆನೆಸೋಣ ಅಂತ. ಹಳೆಯ ಡಬ್ಬ ನಮ್ಮಲ್ಲಿ ಈಗ ದನಕ್ಕೆ ಅಕ್ಕಚ್ಚು (ಅಕ್ಕಿ ತೊಳೆದ ನೀರು) ಇಡಲು. ಅದರ ತುಂಬ ನೀರು ತಂದು ಹೊಸದಕ್ಕೆ ಸುರಿದಳು. ತುಂಬಲೇ ಇಲ್ಲ. ನನ್ನನ್ನು ಕರೆದಳು. ನಾನು ಡೈರಿಗೆ ಹಾಲು ಅಳೆಯುವ ಲೀಟರ್ ತಂದು ಎರಡು ಸಲ ಅಳೆದೆ. ಹಳೆಯದು 18 ಲೀಟರ್. ಹೊಸದು ಹತ್ತೊಂಬತ್ತೂವರೆ.

ನೋಡಿದರೆ ಗೊತ್ತಾಗುವುದಿಲ್ಲ. ಎರಡು ಬೆರಳು ಎತ್ತರ ಅಷ್ಟೇ. ಆದರೆ ಹನ್ನೆರಡು ಡಬ್ಬಕ್ಕೆ ಒಂದು ಡಬ್ಬ ಪುಕ್ಕಟೆ. ಮೊದಲ ರಾತ್ರಿ ನಿದ್ದೆ ಬರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ, ಚೆನ್ನಾಗೇ ಮಲಗಿದೆ. ಎರಡನೇ ರಾತ್ರಿ ಅಳತೆಗೆ ಕೂತಾಗ ಕೈ ಬರಲಿಲ್ಲ. ಗೆರೆ ಹಾಕಬೇಕು, ಡಬ್ಬ ನೋಡುತ್ತಿದ್ದೇನೆ. ಒಬ್ಬಾಕೆ "ಏನು, ಕಣ್ಣು ಕಾಣ್ಸಲ್ವಾ ಇವತ್ತು?" ಅಂದಳು.

ನಮ್ಮವರೇ ಒಬ್ಬರ ಹತ್ತಿರ, ಸಂಬಂಧದಲ್ಲಿ ಭಾವ ಆಗಬೇಕು, ಮೆಲ್ಲಗೆ ಮಾತು ತೆಗೆದೆ. ಅವರು ನಕ್ಕರು. "ಇದಕ್ಕೆಲ್ಲ ಬೈಬಲ್ ತೆಗೀಬೇಡ ಮಾರಾಯ. ನೀನೊಬ್ಬ ಡಬ್ಬ ಬದಲಾಯಿಸಿದರೆ ಉಳಿದ ಆರು ಮನೆ ಮೇಲೆ ಕಳ್ಳರು ಅಂತ ಬೋರ್ಡು ಹಾಕಿದ ಹಾಗೆ. ನಾವಿರುವುದು ಎರಡು ಮನೆ, ನೆನಪಿರಲಿ." ಈ ಕೊನೆಯ ಮಾತು ಸುಮ್ನೆ ಹೇಳಿದ್ದಲ್ಲ. ನಮ್ಮ ಏಳು ಮನೆಗೂ ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಕೊನೆ (ಗೊಂಚಲು) ಕೊಯ್ಯುವವನು, ಒಬ್ಬನೇ. ಯಾರ ತೋಟ ಮೊದಲು, ಯಾರದ್ದು ಆಮೇಲೆ ಅಂತ ತೀರ್ಮಾನ ಆಗುವುದು ಅಣ್ಣನ ಜಗಲಿಯಲ್ಲಿ. ಗದ್ದೆ ಕೆಲಸಕ್ಕೆ ಇನ್ನೂ ಮುಯ್ಯಾಳು ಪದ್ಧತಿ ಇದೆ, ಇವತ್ತು ನಾವು ಅವರಲ್ಲಿಗೆ, ನಾಳೆ ಅವರು ನಮ್ಮಲ್ಲಿಗೆ. ನನ್ನ ತೋಟಕ್ಕೆ ಗಾಡಿ ಹೋಗುವ ದಾರಿ ಇನ್ನೊಬ್ಬರ ಜಾಗದ ಮೇಲೆ. ಕಾಗದ ಪತ್ರ ಏನೂ ಇಲ್ಲ, ಬಾಯಿಮಾತು.

ಇನ್ನೊಂದು ವಿಷಯ. ಡಬ್ಬ ತಂದ ಅಣ್ಣ ಕೆಟ್ಟವರಲ್ಲ. ನಾಲ್ಕು ವರ್ಷದ ಹಿಂದೆ ಜುಲೈ ಮಳೆಯಲ್ಲಿ ರಾತ್ರಿ ಒಂದು ಗಂಟೆಗೆ ನಮ್ಮ ಅಪ್ಪನಿಗೆ ಎದೆನೋವು ಬಂದಾಗ ಜೀಪು ತೆಗೆದು ಶಿವಮೊಗ್ಗಕ್ಕೆ ಕರೆದುಕೊಂಡು ಹೋದವರು ಅವರು. ದಾರಿಯಲ್ಲಿ ಎರಡು ಕಡೆ ಮರ ಬಿದ್ದಿತ್ತು. ತಾವೇ ಇಳಿದು ಕಡಿದರು. ಪೆಟ್ರೋಲಿನ ದುಡ್ಡು ಇವತ್ತಿಗೂ ತೆಗೆದುಕೊಂಡಿಲ್ಲ.

ಈಗ ನನ್ನ ಉಪಾಯ. ಡಬ್ಬ ಹಾಗೇ ಇರಲಿ. ಕ್ರಿಸ್‌ಮಸ್‌ಗೆ ಸುಲಿಯುವ ಐದೂ ಹೆಂಗಸರಿಗೆ ಕುಸ್ವಾರ್ (ಹಬ್ಬದ ತಿಂಡಿ) ಕೊಡುತ್ತೇವೆ, ಪ್ರತಿ ವರ್ಷದ ಹಾಗೆ. ಈ ಸಲ ಅದರ ಜೊತೆ ಒಂದೊಂದು ಕವರ್, ಒಂದೊಂದು ಸೀರೆ. ಅವರ ದುಡ್ಡು ಅವರಿಗೆ ಸೇರುತ್ತದೆ. ಯಾರ ಮುಖಕ್ಕೂ ಮಸಿ ಇಲ್ಲ. ದೇವರಿಗೂ ಲೆಕ್ಕ ಗೊತ್ತಿರುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಯೇಸುಸ್ವಾಮಿಯೇ ಹೇಳಿದ್ದಾರಲ್ವಾ?

ಇಷ್ಟು ಸಾಕಾ? ಹೆಂಡತಿ ಸಾಲದು ಅನ್ನುತ್ತಾಳೆ. ಯಾಕೆ ಅಂದರೆ ಹೇಳಲು ಬರುವುದಿಲ್ಲ, "ಏನೋ ಸರಿ ಇಲ್ಲ" ಅನ್ನುತ್ತಾಳೆ. ತಿಳಿದವರು ಹೇಳಿ.

---

ಸಾಗರದ ಸಾದಾ ಮನುಷ್ಯ
ನವೆಂಬರ್ 13, ಬೆಳಿಗ್ಗೆ 6:15

ನಾನು ಕ್ರೈಸ್ತ ಅಲ್ಲ, ಅಡಿಕೆಯವನು. ಇಷ್ಟು ತಲೆ ಕೆಡಿಸಿಕೊಳ್ಳುವ ವಿಷಯ ಅಲ್ಲ ಇದು. ಒಂದು ಎಲೆಕ್ಟ್ರಾನಿಕ್ ತಕ್ಕಡಿ ತಗೊಳ್ಳಿ. ಕೆಜಿ ಲೆಕ್ಕ ಮಾಡಿ. ನಮ್ಮಲ್ಲಿ ಮೂರು ವರ್ಷದಿಂದ ಹಾಗೇ. ಹಳೆಯ ಡಬ್ಬದಲ್ಲಿ ಎಷ್ಟು ಕೆಜಿ ಹಿಡಿಯುತ್ತದೆ ನೋಡಿ, ಡಬ್ಬದ ರೇಟನ್ನು ಅದಕ್ಕೆ ಭಾಗಿಸಿ. ಮುಗಿಯಿತು.

ಯಾರಾದರೂ ಕೇಳಿದರೆ "ಸೊಂಟ ನೋವು, ಡಬ್ಬ ಎತ್ತಬಾರದು ಅಂದಿದ್ದಾರೆ ಡಾಕ್ಟರು" ಅನ್ನಿ. ಮಲೆನಾಡಲ್ಲಿ ಸೊಂಟ ನೋವಿಲ್ಲದ ಅಡಿಕೆ ಬೆಳೆಗಾರ ಇದ್ದಾನಾ? ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ಅಂದ ಹಾಗೆ ಸುಲಿಯುವವರದ್ದೂ ತಪ್ಪಿರುತ್ತದೆ, ಅದನ್ನೂ ನೋಡಿ. ಅಳತೆ ಹೊತ್ತಿಗೆ ಡಬ್ಬ ಬೇಗ ತುಂಬಲಿ ಅಂತ ಅರ್ಧ ಸಿಪ್ಪೆ ಬಿಟ್ಟು ಸುಲಿದು ಹಾಕುತ್ತಾರೆ. ಬೆಳಗಿನ ಜಾವ ಬೇಯಿಸುವಾಗ ಹಂಡೆಯಲ್ಲಿ ಗೊತ್ತಾಗುತ್ತದೆ.

---

ತುಂಗೆ ದಡದ ಟೀಚರ್
ನವೆಂಬರ್ 13, ಮಧ್ಯಾಹ್ನ 3:40

ಜಡಿಮಳೆ ಅವರೇ, ನಾನು ಶಿವಮೊಗ್ಗದಲ್ಲಿ ಇರುವವಳು. ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟು ನಿವೃತ್ತಿಯಾದೆ. ಸಂಡೇ ಸ್ಕೂಲು ಮಾತ್ರ ಇನ್ನೂ ಬಿಟ್ಟಿಲ್ಲ. ನಿಮ್ಮದು ಕಥೋಲಿಕ, ನಮ್ಮದು ಪ್ರೊಟೆಸ್ಟೆಂಟ್ ಸಭೆ. ಕದಿಯಬೇಡ ಅನ್ನುವ ಆಜ್ಞೆ ನಿಮ್ಮ ಎಣಿಕೆಯಲ್ಲಿ ಏಳನೆಯದು, ನಮ್ಮದರಲ್ಲಿ ಎಂಟನೆಯದು. ಡಬ್ಬ ಎರಡೂ ಕಡೆ ಅಷ್ಟೇ ದೊಡ್ಡದು.

ನಿಮ್ಮ ಹೆಂಡತಿಗೆ ಹೇಳಲು ಬಾರದ್ದನ್ನು ನಾನು ಹೇಳಿ ನೋಡುತ್ತೇನೆ. ಜಕ್ಕಾಯನ ಕತೆ ನಿಮಗೆ ಗೊತ್ತು. ಸುಂಕದವರ ಮುಖ್ಯಸ್ಥ, ಗಿಡ್ಡ, ಯೇಸುವನ್ನು ನೋಡಲು ಮರ ಹತ್ತಿದವನು. ಮಕ್ಕಳಿಗೆ ಮರ ಹತ್ತಿದ್ದೇ ಇಷ್ಟ, ನಾವೂ ಅಲ್ಲಿಗೇ ನಿಲ್ಲಿಸುತ್ತೇವೆ. ಬೈಬಲಿನ ಲೂಕ 19ರಲ್ಲಿ ಅವನು ಹೇಳಿದ ಮಾತನ್ನು ಮತ್ತೆ ಓದಿ. ಅದರಲ್ಲಿ ಎರಡು ಭಾಗ ಇದೆ. ನನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡುತ್ತೇನೆ, ಇದು ಒಂದು. ಯಾರಿಂದ ಅನ್ಯಾಯವಾಗಿ ಕಿತ್ತುಕೊಂಡಿದ್ದೇನೋ ಅವರಿಗೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ, ಇದು ಇನ್ನೊಂದು. ದಾನ ಬೇರೆ, ಬಾಕಿ ಬೇರೆ. ಎರಡನ್ನೂ ಒಂದೇ ಕವರಿಗೆ ಹಾಕಲಿಲ್ಲ ಅವನು.

ನೀವು ಮಾಡಲು ಹೊರಟಿರುವುದು ಬಾಕಿಯನ್ನು ದಾನ ಅಂತ ಕೊಡುವುದು. ಅವರ ದುಡ್ಡನ್ನೇ ಅವರಿಗೆ ಕೊಟ್ಟು, ಮೇಲೆ ಅವರಿಂದ "ದೇವರು ಒಳ್ಳೇದು ಮಾಡಲಿ" ಅನ್ನಿಸಿಕೊಳ್ಳುವುದು. ಬಲಗೈ ಎಡಗೈ ಮಾತು ಮತ್ತಾಯ 6ರಲ್ಲಿ ದಾನಧರ್ಮಕ್ಕೆ ಹೇಳಿದ್ದು. ಸಾಲ ತೀರಿಸುವುದಕ್ಕೆ ಅಲ್ಲ. ಸಾಲ ತೀರಿಸುವಾಗ ಎರಡೂ ಕೈಗೂ ಗೊತ್ತಿರಬೇಕು, ಸಾಲ ಕೊಟ್ಟವರಿಗಂತೂ ಗೊತ್ತಿರಲೇಬೇಕು. ನಿಮ್ಮ ಸಭೆಯ 1992ರ ಧರ್ಮೋಪದೇಶ ಗ್ರಂಥದಲ್ಲೂ ಇದಿದೆ. 2409ನೇ ಪರಿಚ್ಛೇದದಲ್ಲಿ ಅನ್ಯಾಯದ ಕೂಲಿ ಕೊಡುವುದನ್ನು ಕಳ್ಳತನದ ಸಾಲಿಗೆ ಸೇರಿಸಿದ್ದಾರೆ. 2412ನೇ ಪರಿಚ್ಛೇದದಲ್ಲಿ ತೆಗೆದುಕೊಂಡದ್ದನ್ನು ಯಾರದ್ದೋ ಅವರಿಗೇ ಹಿಂತಿರುಗಿಸಬೇಕು ಅಂತ ಹೇಳಿ ಇದೇ ಜಕ್ಕಾಯನನ್ನು ನೆನೆದಿದ್ದಾರೆ.

ಇನ್ನು ಎರಡು ಡಬ್ಬದ ವಿಷಯ. ಧರ್ಮೋಪದೇಶಕಾಂಡ 25ರಲ್ಲಿ ಒಂದು ಮಾತಿದೆ. ಚೀಲದಲ್ಲಿ ದೊಡ್ಡದೊಂದು ಚಿಕ್ಕದೊಂದು ಅಂತ ಎರಡು ತೂಕದ ಕಲ್ಲು ಇರಬಾರದು, ಮನೆಯಲ್ಲಿ ಎರಡು ಅಳತೆ ಇರಬಾರದು. ಅದು ಪೇಟೆಯ ವ್ಯಾಪಾರಿಗೆ ಹೇಳಿದ್ದು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಮನೆಯಲ್ಲಿ ಅಂತ ಯಾಕೆ ಬರೆದಿದೆ ಅಂತ ನಿಮ್ಮ ಅಕ್ಕಚ್ಚಿನ ಡಬ್ಬ ನೋಡಿದ ಮೇಲೆ ಗೊತ್ತಾಯಿತು.

ಅಳತೆ ಮಾಡುವಾಗ ಡಬ್ಬ ಅಲ್ಲಾಡಿಸುತ್ತೀರಾ? ನಮ್ಮ ತವರು ಕೊಪ್ಪದ ಕಡೆ. ನಾನು ಚಿಕ್ಕವಳಿದ್ದಾಗ ಯಜಮಾನರು ಎರಡು ಸಲ ಕುಲುಕಿ ಕೂರಿಸುತ್ತಿದ್ದರು, ಮೇಲೆ ಮತ್ತೆರಡು ಹಿಡಿ ಹಾಕಿಸುತ್ತಿದ್ದರು. ಲೂಕ 6ರಲ್ಲಿ ಜಡಿದು, ಅಲ್ಲಾಡಿಸಿ, ಹೊರಚೆಲ್ಲುವಂಥ ಅಳತೆ ಅಂತ ಬರುತ್ತದಲ್ಲ, ಅದು ಕೊಡುವವನ ಅಳತೆ. ನಮ್ಮ ಮಲೆನಾಡಿನಲ್ಲಿ ಅದನ್ನು ತೆಗೆದುಕೊಳ್ಳುವವನ ಅಳತೆ ಮಾಡಿಕೊಂಡಿದ್ದೇವೆ.

ಈಗ ಕಷ್ಟದ ಭಾಗ, ನೆರೆಹೊರೆ. ಜನರ ಭಯ ಅಂದರೆ ದಾನಿಯೇಲನನ್ನು ಎಸೆದ ಸಿಂಹದ ಗುಹೆ, ಅವನ ಗೆಳೆಯರನ್ನು ಎಸೆದ ಬೆಂಕಿಯ ಕುಲುಮೆ ಅಂತಲೇ ಪ್ರಸಂಗಗಳಲ್ಲಿ ಕೇಳುತ್ತೇವೆ. ನನಗೆ ಅದಕ್ಕಿಂತ ಹತ್ತಿರ ಅನ್ನಿಸುವುದು ಗಲಾತ್ಯದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯ. ಅಂತಿಯೋಕ್ಯ ಪಟ್ಟಣದಲ್ಲಿ ಯೇಸುವಿನ ಶಿಷ್ಯ ಪೇತ್ರ ಯೆಹೂದ್ಯರಲ್ಲದವರ ಜೊತೆ ಕೂತು ಊಟ ಮಾಡುತ್ತಿದ್ದ. ಯೆರೂಸಲೇಮಿನ ಕಡೆಯವರು ನಾಲ್ಕು ಜನ ಬಂದರು. ಪೇತ್ರ ಮೆಲ್ಲಗೆ ಪಂಕ್ತಿ ಬಿಟ್ಟ. ಯಾರೂ ಕತ್ತಿ ಹಿಡಿದಿರಲಿಲ್ಲ. ಏನಂದುಕೊಳ್ಳುತ್ತಾರೋ ಅನ್ನುವುದು, ಅಷ್ಟೇ. ಅವನನ್ನು ನೋಡಿ ಉಳಿದವರೂ ಎದ್ದರು, ಪೌಲನ ಜೊತೆಗಾರ, ಬಾರ್ನಬನಂಥ ಬಾರ್ನಬನೂ ಎದ್ದ. ಆ ಪತ್ರ ಬರೆದ ಪೌಲ ಎಲ್ಲರ ಎದುರಿಗೇ ಪೇತ್ರನನ್ನು ಕೇಳಿದ. ಪಂಕ್ತಿ ಅಂದರೆ ಏನು, ಅದನ್ನು ಬಿಟ್ಟು ಏಳುವುದು ಅಂದರೆ ಏನು ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನೀವು ಪೌಲನ ಹಾಗೆ ಜಗಲಿಯಲ್ಲಿ ಎಲ್ಲರ ಎದುರು ಶುರು ಮಾಡಬೇಡಿ. ನಿಮ್ಮದು ಅಂತಿಯೋಕ್ಯದ ಸ್ಥಿತಿ ಅಲ್ಲ, ಮತ್ತಾಯ 18ರ ಸ್ಥಿತಿ. ಮೊದಲು ಅವನೊಬ್ಬನೇ ಇರುವಾಗ ಹೋಗಿ ಮಾತಾಡು ಅಂತ ಅಲ್ಲಿದೆ. ಅಣ್ಣನ ಹತ್ತಿರ ಒಬ್ಬರೇ ಹೋಗಿ. ಜೀಪಿನ ಋಣ ಇದೆ ಅಂದಿರಲ್ಲ, ಬೆನ್ನ ಹಿಂದೆ ಸುಮ್ಮನೆ ತಕ್ಕಡಿ ತಂದಿಟ್ಟರೆ ಆ ಋಣಕ್ಕೆ ಮರ್ಯಾದೆ ಕೊಟ್ಟ ಹಾಗಾ?

ಸಾದಾ ಮನುಷ್ಯರೇ, ತಕ್ಕಡಿ ಒಳ್ಳೆಯ ಸಲಹೆ. ಸೊಂಟ ನೋವು ಬೇಡ. ಹಿಂದಿನ ಕಾಲದ ಕ್ರೈಸ್ತ ಗುರು ಅಗಸ್ಟೀನನು ಸುಳ್ಳಿನ ಬಗ್ಗೆಯೇ ಎರಡು ಪುಸ್ತಕ ಬರೆದ, ಕ್ರಿ.ಶ. 395ರ ಸುಮಾರಿಗೆ ಒಂದು, 420ರ ಸುಮಾರಿಗೆ ಇನ್ನೊಂದು. ಒಳ್ಳೆಯ ಕೆಲಸಕ್ಕೂ ಸುಳ್ಳು ಕೂಡದು ಅನ್ನುತ್ತಾನೆ. ನಾನು ಅಷ್ಟು ಗಟ್ಟಿ ಅಲ್ಲ. ಈಜಿಪ್ಟಿನ ಅರಸ ಫರೋಹನಿಂದ ಕೂಸುಗಳನ್ನು ಉಳಿಸಲು ಸೂಲಗಿತ್ತಿಯರು ಅವನಿಗೆ ಹೇಳಿದ ಸುಳ್ಳನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಅವರ ಎದುರು ಇದ್ದದ್ದು ಕೂಸಿನ ಜೀವ. ಇಲ್ಲಿ ಇರುವುದು ನಮ್ಮ ಮುಜುಗರ.

---

ತೀರ್ಥಹಳ್ಳಿ ಲಾಸ್ಟ್ ಬಸ್
ನವೆಂಬರ್ 13, ರಾತ್ರಿ 8:05

ನಾವು ಅಡಿಕೆ ಮಾರಲು ಮಂಡಿಗೆ ಹೋದಾಗ ಚೀಲದ ತೂಕ ಅಂತ ಅರ್ಧ ಕೆಜಿ ಜಾಸ್ತಿ ಕಳೆದರೆ ಊರು ಒಂದು ಮಾಡುತ್ತೇವೆ. ಅಂಗಳದಲ್ಲಿ ಒಂದೂವರೆ ಲೀಟರ್ ಕಳೆದರೆ ಪದ್ಧತಿ. ಪಾಪ್‌ಕಾರ್ನ್ ತಗೊಂಡು ಕೂತಿದ್ದೇನೆ, ಮುಂದುವರಿಸಿ.

---

ಕರೆ ಹಿಡಿದ ಬೆರಳು
ನವೆಂಬರ್ 14, ರಾತ್ರಿ 11:20

ಎರಡು ದಿನದಿಂದ ಓದುತ್ತಿದ್ದೇನೆ. ಬರೆಯಬೇಕೋ ಬೇಡವೋ ಅಂತ ಇದ್ದೆ.

ನನ್ನ ಅಮ್ಮ ಇಪ್ಪತ್ತಾರು ವರ್ಷ ಬೇರೆಯವರ ಅಂಗಳದಲ್ಲಿ ಅಡಿಕೆ ಸುಲಿದವಳು. ನಾನು ಅವಳ ಪಕ್ಕದಲ್ಲಿ ಗೋಣಿ ಮೇಲೆ ಮಲಗಿ ದೊಡ್ಡವಳಾದೆ. ಈಗ ಶಿವಮೊಗ್ಗದಲ್ಲಿ ಲ್ಯಾಬ್ ಕೆಲಸ. ರಜೆಯಲ್ಲಿ ನಾನೂ ಸುಲಿದಿದ್ದೇನೆ. ಪಿಯುಸಿ ಫೋಟೋದಲ್ಲಿ ನನ್ನ ಹೆಬ್ಬೆರಳು ಕಪ್ಪಗಿದೆ. ಕೊಯ್ಲು ಮುಗಿದು ತಿಂಗಳಾದರೂ ಆ ಕರೆ ಹೋಗುವುದಿಲ್ಲ.

ನೀವೆಲ್ಲ ಒಂದು ವಿಷಯ ಅಂದುಕೊಂಡು ಮಾತಾಡುತ್ತಿದ್ದೀರಿ. ಡಬ್ಬ ದೊಡ್ಡದು ಅಂತ ಆ ಹೆಂಗಸರಿಗೆ ಗೊತ್ತಿಲ್ಲ, ಹೇಳಬೇಕೋ ಬೇಡವೋ ಅಂತ.

ಗೊತ್ತಿದೆ ಸಾರ್.

ಹದಿನೆಂಟು ಲೀಟರ್, ಹತ್ತೊಂಬತ್ತೂವರೆ ಅಂತ ಗೊತ್ತಿರುವುದಿಲ್ಲ. ಹಳೆಯ ಡಬ್ಬಕ್ಕೆ ಎಷ್ಟು ಬುಟ್ಟಿ ಬೇಕಿತ್ತು, ಹೊಸದಕ್ಕೆ ಎಷ್ಟು ಬೇಕು, ಅದು ಮೊದಲ ರಾತ್ರಿಯೇ ಗೊತ್ತಾಗುತ್ತದೆ. ಅಮ್ಮ ಹೋಗುತ್ತಿದ್ದ ಮನೆಗಳ ಡಬ್ಬಗಳಿಗೆಲ್ಲ ಹೆಸರಿತ್ತು. ಒಂದಕ್ಕೆ "ಹೊಟ್ಟೆಬಾಕ". ಇನ್ನೊಂದು ಮನೆಯದ್ದು ಸರಿಯಾದ ಅಳತೆ, ಆದರೆ ಯಜಮಾನ ಕುಲುಕುತ್ತಾನೆ, ಅದಕ್ಕೆ "ಜೋಕಾಲಿ". ದಾರಿಯಲ್ಲಿ ಟಾರ್ಚ್ ಹಿಡಿದು ಬರುವಾಗ ಇದೇ ನಗೆ. "ನಾವು ಅಡಿಕೆ ಸುಲೀತೀವಿ, ಅವರು ನಮ್ಮನ್ನ" ಅನ್ನುತ್ತಿದ್ದಳು ಅಮ್ಮ. ಸುಲಿಗೆ ಅನ್ನುವ ಮಾತಿಗೆ ಎರಡು ಅರ್ಥ ಇದೆ ಅಂತ ನಾನು ಕಲಿತದ್ದು ಶಾಲೆಯಲ್ಲಿ ಅಲ್ಲ.

ಯಾಕೆ ಕೇಳುತ್ತಿರಲಿಲ್ಲ ಅಂದರೆ, ಕೇಳಿದವಳನ್ನು ಮರುದಿನ ಯಾವ ಮನೆಯವರೂ ಕರೆಯುವುದಿಲ್ಲ. ನಿಮಗೆ ಕೊನೆಗೌಡ ಬರುವುದಿಲ್ಲ ಅನ್ನುವ ಭಯ. ನಮಗೆ ಇದು.

ಸಾದಾ ಮನುಷ್ಯರು ಅರ್ಧ ಸಿಪ್ಪೆ ಬಿಡುತ್ತಾರೆ ಅಂದರು. ಹೌದು ಬಿಡುತ್ತಾರೆ. ಹೊಟ್ಟೆಬಾಕನ ಮನೆಯಲ್ಲಿ ಅಮ್ಮನೂ ಬಿಡುತ್ತಿದ್ದಳು. ಸರಿ ಅಳತೆಯ ಮನೆಯಲ್ಲಿ ಬಿಡುತ್ತಿರಲಿಲ್ಲ. ಇದನ್ನು ಸಮರ್ಥನೆ ಅಂತ ಹೇಳುತ್ತಿಲ್ಲ, ನಡೆದದ್ದು ಹೇಳಿದೆ.

ಅಮ್ಮನಿಗೆ ಓದು ಬರಹ ಇಲ್ಲ. ಅಡುಗೆಮನೆ ಗೋಡೆ ಮೇಲೆ ಮಸಿಯಲ್ಲಿ ಗೆರೆ ಎಳೆಯುತ್ತಿದ್ದಳು. ಒಂದೊಂದು ಮನೆಗೆ ಒಂದೊಂದು ಸಾಲು. ಯಜಮಾನರ ಪುಸ್ತಕದ ಲೆಕ್ಕ ತಪ್ಪಬಹುದು, ಗೋಡೆಯದ್ದು ತಪ್ಪುತ್ತಿರಲಿಲ್ಲ.

ಸೀರೆ ಕೊಡಬೇಡಿ ಅಂತ ನಾನು ಹೇಳುವುದಿಲ್ಲ, ಸೀರೆ ಯಾರಿಗೆ ಬೇಡ. ಆದರೆ ಸೀರೆ ಕೊಟ್ಟ ಮನೆಯವರ ಹತ್ತಿರ ಆಮೇಲೆ ಏನನ್ನೂ ಕೇಳಲು ಆಗುವುದಿಲ್ಲ. ಅದೊಂದು ಇದೆ.

---

ಹೊಸನಗರದ ಜಡಿಮಳೆ
ನವೆಂಬರ್ 15, ಬೆಳಿಗ್ಗೆ 5:30

ಹಂಡೆಗೆ ಬೆಂಕಿ ಹಾಕಿ ಒಲೆಯ ಮುಂದೆ ಕೂತು ಬರೆಯುತ್ತಿದ್ದೇನೆ. ಕರೆ ಹಿಡಿದ ಬೆರಳು, ನಿಮ್ಮ ಮಾತು ಹೆಂಡತಿಗೆ ಓದಿ ಹೇಳಿದೆ. "ನಮ್ಮ ಡಬ್ಬಕ್ಕೆ ಏನು ಹೆಸರಿಟ್ಟಿದ್ದಾರೋ" ಅಂದಳು. ನಗು ಬರಲಿಲ್ಲ.

ಟೀಚರ್, ಹೌದು, ಕುಲುಕುತ್ತೇನೆ. ಅಪ್ಪ ಕುಲುಕುತ್ತಿದ್ದರು, ನಾನೂ. ನೀವು ಕೇಳುವ ತನಕ ಅದು ಒಂದು ಕೆಲಸ ಅಂತಲೇ ಗೊತ್ತಿರಲಿಲ್ಲ.

---

ಕಾನಲೆ ಕಾಡು
ನವೆಂಬರ್ 15, ಬೆಳಿಗ್ಗೆ 9:10

ಎಲ್ಲರೂ ಒಂದೇ ಕಡೆ ವಾಲಿದ್ದೀರಿ, ಅದಕ್ಕೆ ಎರಡು ಮಾತು. ನಾನೂ ಚರ್ಚಿಗೆ ಹೋಗುವವನೇ. ವಿಮೋಚನಕಾಂಡ 23ರಲ್ಲಿ ಬಹುಜನರು ಕೆಟ್ಟದ್ದು ಮಾಡಿದರೂ ಅವರ ಹಿಂದೆ ಹೋಗಬೇಡ ಅಂತ ಇದೆ. ಅದರ ಮುಂದಿನ ವಚನದಲ್ಲೇ, ವ್ಯಾಜ್ಯದಲ್ಲಿ ಬಡವ ಅಂತ ಪಕ್ಷಪಾತ ಮಾಡಬೇಡ ಅಂತಲೂ ಇದೆ. ಬೆಳೆಗಾರನ ಕಷ್ಟ ಯಾರು ಬರೆಯುತ್ತಾರೆ? ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಸುವುದರಲ್ಲೇ ಅರ್ಧ ದುಡ್ಡು ಹೋಗಿರುತ್ತದೆ. ಈಗ ಎಲೆಚುಕ್ಕಿ ರೋಗ ಬೇರೆ. ಕೂಲಿಯ ರೇಟನ್ನು ಹೋದ ವರ್ಷ ಅವರೂ ಒಟ್ಟಾಗಿ ಏರಿಸಿದರು, ನಾವು ಕೊಟ್ಟೆವು. ಡಬ್ಬ ದೊಡ್ಡದಾಗಿದ್ದು ಅದೇ ವರ್ಷ ಅಂದರೆ ಕಾಕತಾಳೀಯ ಇರಲಾರದು. ಒಂದು ಕಡೆ ಏರಿತು, ಇನ್ನೊಂದು ಕಡೆ ಸರಿದೂಗಿತು.

---

ತುಂಗೆ ದಡದ ಟೀಚರ್
ನವೆಂಬರ್ 15, ಬೆಳಿಗ್ಗೆ 11:00

ಕಾನಲೆ ಕಾಡು ಅವರೇ, ನೀವು ಹೇಳಿದ ವಚನ ಸರಿಯಾಗಿಯೇ ಇದೆ, ಅದನ್ನು ಮರೆಯುವವರೂ ಜಾಸ್ತಿ. ರೇಟು ಕಟ್ಟುವುದಿಲ್ಲ ಅಂದರೆ ಜಗಲಿಯಲ್ಲಿ ಕೂತು "ಇಷ್ಟು ಆಗುವುದಿಲ್ಲ" ಅನ್ನಿ. ಅವರು "ಹಾಗಾದರೆ ಬರುವುದಿಲ್ಲ" ಅನ್ನಲಿ. ಅದು ವ್ಯಾಜ್ಯ, ಎರಡೂ ಕಡೆಗೆ ಬಾಯಿ ಇದೆ. ಡಬ್ಬದ ತಳ ಎರಡು ಬೆರಳು ಇಳಿಸಿದರೆ ಒಂದೇ ಕಡೆಯವರು ಮಾತಾಡಿದ ಹಾಗಾಯಿತು. ಯಾಕೋಬನ ಪತ್ರದ ಐದನೇ ಅಧ್ಯಾಯದಲ್ಲಿ, ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ ಅಂತ ಇದೆ. ಕೂಲಿಯವರಿಗೆ ಕೂಗಲು ಆಗದ ಕಡೆ.

---

ಹೊಸನಗರದ ಜಡಿಮಳೆ
ಜನವರಿ 9, ರಾತ್ರಿ 9:30

ಕೊಯ್ಲು ಮುಗಿಯುತ್ತಾ ಬಂತು. ಏನಾಯಿತು ಅಂತ ಕೆಲವರು ಕೇಳಿದ್ದೀರಿ. ದೊಡ್ಡ ಜಯ ಏನೂ ಇಲ್ಲ, ನಡೆದದ್ದು ಬರೆಯುತ್ತೇನೆ.

ನವೆಂಬರ್ 16ರ ಸಂಜೆ ಅಣ್ಣನ ಮನೆಗೆ ಹೋದೆ. ಒಬ್ಬರೇ ಇದ್ದರು, ಅಟ್ಟದ ಮೇಲೆ ಅಡಿಕೆ ಹರವುತ್ತಿದ್ದರು. ನಾನೂ ಹತ್ತಿ ಹರವಿದೆ. ಅರ್ಧ ಗಂಟೆ ಎಲೆಚುಕ್ಕಿ ಮಾತಾಡಿದೆವು. ಆಮೇಲೆ ಹೇಳಿದೆ, ನೀರು ಸುರಿದದ್ದು, ಲೀಟರಲ್ಲಿ ಅಳೆದದ್ದು. ಅವರು ಕೈ ನಿಲ್ಲಿಸಲಿಲ್ಲ. "ಗೊತ್ತಿತ್ತು ಕಣೋ" ಅಂದರು. ಡಬ್ಬ ಮಾಡುವವನು ತಗಡು ಉಳಿಯುತ್ತದೆ, ಸ್ವಲ್ಪ ಎತ್ತರ ಮಾಡಲಾ ಅಂದನಂತೆ. ಮಾಡು ಅಂದರಂತೆ. "ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೇಳಿದವನು ನೀನೇ ಮೊದಲು." ನಾನು ನನ್ನ ಡಬ್ಬ ಬದಲಾಯಿಸುತ್ತೇನೆ ಅಂದೆ. ಅದಕ್ಕೆ ಅವರು "ನಿನ್ನ ಡಬ್ಬ ನಿನ್ನದು" ಅಂದರು, ಅಷ್ಟೇ. ಕಾಫಿ ಕೊಟ್ಟರು. ಆದರೆ ಆ ದಿನದಿಂದ ಮಾತು ಸ್ವಲ್ಪ ಕಡಿಮೆ.

ಮರುದಿನದಿಂದ ಹಳೆಯ ಡಬ್ಬ, ತೊಳೆದು. ದನಕ್ಕೆ ಹೊಸದು. ಕುಲುಕುವುದು ಬಿಟ್ಟೆ. ಕೈ ತಾನಾಗಿ ಹೋಗುತ್ತದೆ, ಹೆಂಡತಿ ಪಕ್ಕದಲ್ಲಿ ಕೆಮ್ಮುತ್ತಾಳೆ.

ಭಾವನ ಭಯ ಪೂರ್ತಿ ಸುಳ್ಳಾಗಲಿಲ್ಲ. ಡಿಸೆಂಬರಿನಲ್ಲಿ ಕೊನೆಗೌಡ ನನ್ನ ತೋಟಕ್ಕೆ ಹನ್ನೊಂದು ದಿನ ತಡವಾಗಿ ಬಂದ. ಬೇಕು ಅಂತ ಮಾಡಿದರೋ, ಅವನಿಗೆ ನಿಜವಾಗಿ ಜ್ವರ ಇತ್ತೋ, ಕೇಳಲು ಹೋಗಲಿಲ್ಲ. ಒಂದಿಷ್ಟು ಕೊನೆ ಹಣ್ಣಾಗಿ ಗೋಟಾಯಿತು, ಹಸಿಯಲ್ಲಿ ಸುಲಿದು ಬೇಯಿಸಲು ಬರಲಿಲ್ಲ. ಇಬ್ಬರ ಮನೆಯವರು ಎದುರು ಸಿಕ್ಕರೆ "ಏನು ಸ್ವಾಮಿಗಳೇ" ಅನ್ನುತ್ತಾರೆ. ದಾರಿ ಮುಚ್ಚಿಲ್ಲ. ನನ್ನ ಭಾವ ಇನ್ನೂ ಹೊಸ ಡಬ್ಬವೇ. ಇನ್ನೊಂದು ಮನೆಯವರು ಮಾತ್ರ ಯಾರಿಗೂ ಹೇಳದೆ ತಕ್ಕಡಿ ತಂದಿದ್ದಾರೆ. ಅವರಿಗೆ ಸೊಂಟ ನೋವಂತೆ. ಸಾದಾ ಮನುಷ್ಯರೇ, ಇದು ನಿಮ್ಮ ಕೆಲಸ.

ಬಾಕಿ ಲೆಕ್ಕ. ಹೋದ ವರ್ಷದ ಪುಸ್ತಕ ತೆಗೆದೆ. ಒಟ್ಟು 276 ಡಬ್ಬ. ಹನ್ನೆರಡಕ್ಕೆ ಒಂದರಂತೆ 23 ಡಬ್ಬದ ಕೂಲಿ. ಯಾಜಕಕಾಂಡ 6ರಲ್ಲಿ ಐದನೇ ಒಂದು ಭಾಗ ಸೇರಿಸಿ ತಿರುಗಿ ಕೊಡಬೇಕು ಅಂತ ಇದೆ ಅಂತ ಪಾಪನಿವೇದನೆಗೆ ಹೋದಾಗ ಫಾದರ್ ಹೇಳಿದರು. ನಾಲ್ಕರಷ್ಟು ಅನ್ನಲಿಲ್ಲವಲ್ಲ ಅಂತ ಸಮಾಧಾನ ಆಯಿತು, ಅದನ್ನೂ ಹೇಳಿಬಿಡುತ್ತೇನೆ. ಸೇರಿಸಿ 28 ಡಬ್ಬ ಅಂತ ಮಾಡಿದೆ. ಈ ವರ್ಷ ಶುರುವಿನಲ್ಲಿ ಹೊಸ ಡಬ್ಬದಲ್ಲಿ ಅಳೆದದ್ದಕ್ಕೂ ಹಾಗೇ.

ಕ್ರಿಸ್‌ಮಸ್‌ವರೆಗೆ ಕಾಯಲಿಲ್ಲ. ಒಂದು ಬುಧವಾರ ರಾತ್ರಿ ಅಳತೆ ಆದ ಮೇಲೆ ಹೇಳಿದೆ. ಡಬ್ಬ ದೊಡ್ಡದಿತ್ತು, ನನಗೆ ತಡವಾಗಿ ಗೊತ್ತಾಯಿತು, ಇದು ನಿಮ್ಮದೇ ದುಡ್ಡು. ಹೇಳುವಾಗ ಗಂಟಲು ಒಣಗಿತ್ತು. ಯಾರೂ ಅಳಲಿಲ್ಲ, ಯಾರೂ ಆಶೀರ್ವಾದ ಮಾಡಲಿಲ್ಲ. ಒಬ್ಬಾಕೆ ದುಡ್ಡನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮೆಟ್ಟುಗತ್ತಿ ಎತ್ತಿಕೊಂಡು ಹೊರಟಳು. ಇನ್ನೊಬ್ಬಾಕೆ "ಉಳಿದ ಆರು ಮನೆಯದ್ದು?" ಅಂತ ಕೇಳಿದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೋದ ವರ್ಷ ಸುಲಿದ ಐದರಲ್ಲಿ ಒಬ್ಬರು ಈ ವರ್ಷ ಬಂದಿಲ್ಲ, ಭದ್ರಾವತಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರ ಪಾಲು ತೆಗೆದಿಟ್ಟಿದ್ದೇನೆ.

ಎಲ್ಲರಿಗಿಂತ ಹಿರಿಯಾಕೆ ಮಾತ್ರ ಅಲ್ಲೇ ಕೂತು ದುಡ್ಡು ಎರಡು ಸಲ ಎಣಿಸಿದರು. ಆಮೇಲೆ ನನ್ನ ಪುಸ್ತಕ ಬೆರಳಲ್ಲಿ ತೋರಿಸಿ, "ಹೋದ ವರ್ಷದ್ದು ಎರಡು ಡಬ್ಬ ಕಮ್ಮಿ ಬರೆದಿದೀರಿ" ಅಂದರು. ಅಷ್ಟು ದಿನದ ಮೇಲೆ ಹೇಗೆ ಹೇಳುತ್ತೀರಿ ಅಂದೆ. ಮನೆಯ ಗೋಡೆ ಮೇಲೆ ಇದೆಯಂತೆ. ಮಳೆಗಾಲದ ಮುಂಚೆ ಸುಣ್ಣ ಬಳಿಯುವಾಗಲೂ ಆ ಜಾಗ ಬಿಟ್ಟು ಬಳಿದಿದ್ದಾರಂತೆ. ಕೊಯ್ಲಿನ ಗಡಿಬಿಡಿಯಲ್ಲಿ ಇಷ್ಟು ದಿನ ಆಗಲಿಲ್ಲ. ನಾಳೆ ಪುಸ್ತಕ ತೆಗೆದುಕೊಂಡು ಅವರ ಮನೆಗೆ ಹೋಗುತ್ತಿದ್ದೇನೆ, ತಾಳೆ ನೋಡಲು.